ಹಂದಿಗಳಿಗೆ ಸಾಲ್ಮೊನೆಲ್ಲಾ ಲಸಿಕೆ

ಹಂದಿ ಸಾಕಣೆ ಕೇಂದ್ರಗಳಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಸೋಂಕನ್ನು ಹತೋಟಿಯಲ್ಲಿಡಲು ತಾಯಿಹಂದಿಗಳಿಗೂ ಮರಿಗಳಿಗೂ ಕೊಡುವ ಲಸಿಕೆ. ಇದರ ಚರಿತ್ರೆ ಮೊದಲಾಗುವುದು ಒಂದು ತಪ್ಪು ತೀರ್ಮಾನದಿಂದ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಹಂದಿಗಳು ಹಾಗ್ ಕಾಲರಾ ಎಂಬ ಪಿಡುಗಿಗೆ ಹಿಂಡುಹಿಂಡಾಗಿ ಸಾಯುತ್ತಿದ್ದವು. ಅಲ್ಲಿನ ಕೃಷಿ ಇಲಾಖೆಯಲ್ಲಿ ಡೇನಿಯಲ್ ಸಾಲ್ಮನ್ ಅವರ ಕೈಕೆಳಗೆ ದುಡಿಯುತ್ತಿದ್ದ ಥಿಯೊಬಾಲ್ಡ್ ಸ್ಮಿತ್ 1885ರ ಹೊತ್ತಿಗೆ ರೋಗಪೀಡಿತ ಹಂದಿಗಳಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಪಿಡುಗಿಗೆ ಇದೇ ಕಾರಣವೆಂದು ಇಬ್ಬರೂ ನಂಬಿದರು. 1886ರಲ್ಲಿ ಆ ಬ್ಯಾಕ್ಟೀರಿಯಾವನ್ನು ಕಾಯಿಸಿ ಕೊಂದು ಪಾರಿವಾಳಗಳಿಗೆ ಚುಚ್ಚಿದಾಗ, ಮುಂದೆ ಜೀವಂತ ರೋಗಾಣು ಹೊಕ್ಕರೂ ಅವು ಬದುಕಿಕೊಂಡವು. ಸತ್ತ ರೋಗಾಣುವೂ ರಕ್ಷಣೆ ಕೊಡಬಲ್ಲದೆಂಬ ಈ ಶೋಧ ಲಸಿಕಾಶಾಸ್ತ್ರದ ಅಡಿಗಲ್ಲುಗಳಲ್ಲಿ ಒಂದು. 1900ರಲ್ಲಿ ಫ್ರೆಂಚ್ ಪಶುವೈದ್ಯ ಲಿನ್ಯೇರ್ ಈ ಕುಲಕ್ಕೆ ಸಾಲ್ಮನ್ ಹೆಸರಿಟ್ಟರು. ಪ್ರಯೋಗಶಾಲೆಯ ದುಡಿಮೆ ಹೆಚ್ಚಾಗಿ ಸ್ಮಿತ್ ಅವರದು ಎಂಬುದನ್ನು ಇಲ್ಲಿ ನೆನೆಯುವುದು ನ್ಯಾಯ.

1903ರಲ್ಲಿ ಡಿ ಶ್ವೈನಿಟ್ಸ್ ಮತ್ತು ಡಾರ್ಸೆಟ್ ಅವರು ಹಾಗ್ ಕಾಲರಾಕ್ಕೆ ಕಾರಣ ಬ್ಯಾಕ್ಟೀರಿಯಾವನ್ನು ತಡೆಯುವ ಸೋಸುಕಗಳನ್ನೂ ದಾಟಿ ಹೋಗುವ ಸೂಕ್ಷ್ಮ ವಸ್ತು, ಎಂದರೆ ವೈರಸ್, ಎಂದು ತೋರಿಸಿದರು. ಸ್ಮಿತ್ ಕಂಡಿದ್ದ ಸಾಲ್ಮೊನೆಲ್ಲಾ ಕಾಲರಾಸುಯಿಸ್ ಆ ರೋಗದ ಬೆನ್ನಿಗೆ ಬರುವ ಸೋಂಕಾಗಿತ್ತು. ಆದರೂ ಅದನ್ನು ಅಲಕ್ಷಿಸುವಂತಿರಲಿಲ್ಲ. ಹಾಲು ಬಿಟ್ಟ ಮರಿಗಳಲ್ಲಿ ಅದು ತಾನಾಗಿಯೇ ರಕ್ತಕ್ಕಿಳಿದು ನಂಜೇರಿಸುತ್ತದೆ. ಕಿವಿ, ಹೊಟ್ಟೆಯ ಚರ್ಮ ನೀಲಿಗಟ್ಟಿ, ಉಸಿರು ಕಟ್ಟಿ ಮರಿಗಳು ಸಾಯುತ್ತವೆ.

ಸಾಲ್ಮೊನೆಲ್ಲಾ ಜೀವಕೋಶದ ಒಳಗೆ ಅಡಗಿ ಬದುಕುವ ರೋಗಾಣುವಾದ್ದರಿಂದ ಸತ್ತ ರೋಗಾಣುವಿನ ಲಸಿಕೆ ಅದರ ಮೇಲೆ ಅರೆಬರೆ ಫಲ ಮಾತ್ರ ಕೊಟ್ಟಿತು. ಬ್ರಿಟನ್ನಿನ ಎಚ್. ವಿಲಿಯಮ್ಸ್ ಸ್ಮಿತ್ 1965ರಲ್ಲಿ, ರೋಗ ತರುವ ಶಕ್ತಿ ಕಳೆದುಕೊಂಡ ಜೀವಂತ ತಳಿಗಳಿಂದ ಕರು ಮತ್ತು ಹಂದಿಗಳಿಗೆ ರಕ್ಷಣೆ ಸಿಗುವುದನ್ನು ಪ್ರಕಟಿಸಿದರು. 1990ರ ದಶಕದ ಆರಂಭದಲ್ಲಿ ಅಮೆರಿಕದ ಅಯೋವಾದಲ್ಲಿ ಸಂಶೋಧಕರು ಕಾಲರಾಸುಯಿಸ್ ತಳಿಯೊಂದನ್ನು ಹಂದಿಯ ಬಿಳಿ ರಕ್ತಕಣಗಳೊಳಗೆ ಮತ್ತೆಮತ್ತೆ ಹಾಯಿಸಿದಾಗ, ರೋಗಕಾರಕ ಗುಣ ಹೊತ್ತ ಪ್ಲಾಸ್ಮಿಡ್ ಎಂಬ ಡಿಎನ್ಎ ತುಣುಕು ಉದುರಿಹೋದ ಎಸ್‌ಸಿ-54 ತಳಿ ದೊರೆಯಿತು. ಇಂಥ ಜೀವಂತ ಲಸಿಕೆಗಳು ಬಳಕೆಗೆ ಬಂದ ಆ ದಶಕದಲ್ಲೇ ಅಲ್ಲಿ ಕಾಲರಾಸುಯಿಸ್ ರೋಗ ತಗ್ಗಿತು.

ಲಸಿಕೆಯ ಎರಡನೆಯ ಗುರಿ, ಎಂದರೆ ಮಾಂಸದ ಮೂಲಕ ಮನುಷ್ಯರಿಗೆ ಸೋಂಕು ದಾಟದಂತೆ ತಡೆಯುವುದು, ಇದಕ್ಕಿಂತ ಕಠಿಣ. ಹಂದಿಗಳಿಂದ ಮನುಷ್ಯರಿಗೆ ಹೆಚ್ಚಾಗಿ ವಾಂತಿಭೇದಿ ತರುವುದು ಸಾಲ್ಮೊನೆಲ್ಲಾದ ಟೈಫಿಮ್ಯೂರಿಯಂ ಬಗೆ. 1953ರಲ್ಲಿ ಸ್ವೀಡನ್ನಿನ ಆಲ್ವೆಸ್ತಾ ಕಸಾಯಿಖಾನೆಯ ಮಾಂಸದಿಂದ ಹರಡಿ ಸುಮಾರು 9,000 ಜನರನ್ನು ಕೆಡವಿ, ಸುಮಾರು 90 ಜನರ ಪ್ರಾಣ ತೆಗೆದದ್ದು ಇದೇ. ಈ ಸೋಂಕಿರುವ ಹಂದಿ ಬಹುಪಾಲು ಮೈತುಂಬಿಕೊಂಡು ಚೆನ್ನಾಗಿಯೇ ಕಾಣುತ್ತದೆ. ರೋಗಾಣು ಗಂಟಲಿನ ಟಾನ್ಸಿಲ್, ಕರುಳಿನ ದುಗ್ಧಗ್ರಂಥಿಗಳಲ್ಲಿ ಕುಳಿತಿದ್ದು, ಲಾರಿ ಪ್ರಯಾಣದ ದಣಿವಿಗೆ ಮತ್ತೆ ಮಲದಲ್ಲಿ ಹೊರಬೀಳುತ್ತದೆ. 2006–07ರಲ್ಲಿ ಯುರೋಪಿಯನ್ ಒಕ್ಕೂಟ ನಡೆಸಿದ ಸಮೀಕ್ಷೆಯಲ್ಲಿ ವಧೆಗೆ ಬಂದ ಹಂದಿಗಳ ಪೈಕಿ ಶೇ. 10.3ರ ದುಗ್ಧಗ್ರಂಥಿಗಳಲ್ಲಿ ಸಾಲ್ಮೊನೆಲ್ಲಾ ಸಿಕ್ಕಿತು. ಕಾಯಿಲೆಯನ್ನೇ ತೋರದ ಪ್ರಾಣಿಗೆ ಲಸಿಕೆಯ ಖರ್ಚು ರೈತನದು, ಲಾಭ ಮಾಂಸ ತಿನ್ನುವವರದು. ಲಸಿಕೆ ನಿಧಾನವಾಗಿ ಹರಡಲು ಇದು ದೊಡ್ಡ ಕಾರಣವೆನ್ನಬೇಕು.

ಜರ್ಮನಿಯಲ್ಲಿ ತಯಾರಾದ ಸಾಲ್ಮೊಪೋರ್ಕ್ ಈ ಗುರಿಯ ಮುಖ್ಯ ಲಸಿಕೆ. ಹಿಸ್ಟಿಡಿನ್, ಅಡೆನಿನ್‌ಗಳನ್ನು ತಾನೇ ತಯಾರಿಸಿಕೊಳ್ಳಲಾರದ ಟೈಫಿಮ್ಯೂರಿಯಂ ತಳಿ ಅದರಲ್ಲಿದೆ. ಹೀಗಾಗಿ ಹಂದಿಯ ಮೈಯಲ್ಲಿ ಅದು ಬಹುಕಾಲ ಬಾಳದು. ಮರಿಗಳಿಗೆ ಬಾಯಿಯ ಮೂಲಕ, ತಾಯಿಹಂದಿಗೆ ಮರಿ ಹಾಕುವ ಕೆಲವು ವಾರ ಮೊದಲು ಚುಚ್ಚುಮದ್ದಾಗಿ ಕೊಡುತ್ತಾರೆ. ತಾಯಿಯ ಪ್ರತಿಕಾಯಗಳು ಗಿಣ್ಣುಹಾಲಿನ ಮೂಲಕ ಮರಿಗಳನ್ನು ಸೇರುತ್ತವೆ. ಸೋಂಕು ತಾಯಿಯಿಂದಲೂ ಬರುವುದರಿಂದ ತಾಯಿಗೆ ಲಸಿಕೆ ಹಾಕುವ ದಾರಿ ವಿವೇಕದ್ದು.

ಒಂದು ತೊಡಕು ಉಳಿದಿದೆ. ಡೆನ್ಮಾರ್ಕ್ 1995ರಲ್ಲಿ ಆರಂಭಿಸಿದ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮದಲ್ಲಿ ಮಾಂಸದಿಂದ ಒಸರುವ ರಸದಲ್ಲಿನ ಪ್ರತಿಕಾಯಗಳನ್ನು ಎಲೈಸಾ ಪರೀಕ್ಷೆಯಿಂದ ಅಳೆದು ಸಾಕಣೆ ಕೇಂದ್ರಗಳಿಗೆ ದರ್ಜೆ ಕೊಡುತ್ತಾರೆ. ಲಸಿಕೆಯಿಂದ ಹುಟ್ಟಿದ ಪ್ರತಿಕಾಯವನ್ನೂ ನಿಜ ಸೋಂಕಿನದನ್ನೂ ಇಂಥ ಪರೀಕ್ಷೆ ಬೇರ್ಪಡಿಸಲಾರದು. ಇದಕ್ಕೆ ಪರಿಹಾರವಾಗಿ ಓಎಂಪಿ-ಡಿ ಎಂಬ ಹೊರಪೊರೆಯ ಪ್ರೊಟೀನನ್ನು ತೆಗೆದುಹಾಕಿದ, ಆದ್ದರಿಂದ ಆ ಪ್ರೊಟೀನಿನ ವಿರುದ್ಧ ಪ್ರತಿಕಾಯ ಹುಟ್ಟಿಸದ, ಗುರುತಿನ ಲಸಿಕೆಯನ್ನು ಜರ್ಮನ್ ಸಂಶೋಧಕರು 2007ರಲ್ಲಿ ಹಂದಿಗಳ ಮೇಲೆ ಪರೀಕ್ಷಿಸಿದ ವರದಿ ನೀಡಿದರು. ಯಾವ ಲಸಿಕೆಯೂ ಸಾಲ್ಮೊನೆಲ್ಲಾವನ್ನು ಕರುಳಿನಿಂದ ಪೂರ್ತಿ ಅಳಿಸುವುದಿಲ್ಲ. ಕೊಟ್ಟಿಗೆ ತೊಳೆದು ಒಣಗಿಸುವುದು, ಇಲಿ ನಿಯಂತ್ರಣ, ಶುದ್ಧ ಮೇವು ಇವಿಲ್ಲದ ಕಡೆ ಲಸಿಕೆಯ ಫಲ ಬೇಗ ಕರಗುತ್ತದೆ.