ರಕ್ತದ ಕಿರುತಟ್ಟೆಗಳ ಕೊರತೆ: ಲಕ್ಷಣಜ್ಞಾನ ಬೆಳೆದುಬಂದ ಬಗೆ

ಪ್ಲೇಟ್‌ಲೆಟ್ ಅಥವಾ ಕಿರುತಟ್ಟೆಯೆಂಬ ಕಣವೊಂದು ರಕ್ತದಲ್ಲಿ ಉಂಟೆಂಬುದು ವೈದ್ಯಲೋಕಕ್ಕೆ ವಿದಿತವಾಗುವುದಕ್ಕೆ ಶತಮಾನಕ್ಕೂ ಹಿಂದೆಯೇ, ಅದರ ಕೊರತೆಯ ಚಿಹ್ನೆಗಳೆಂದು ನಾವಿಂದು ಬಲ್ಲವುಗಳನ್ನು ಜರ್ಮನಿಯ ಹ್ಯಾನೋವರಿನ ವೈದ್ಯ ಪಾಲ್ ವೆರ್ಲ್‌ಹಾಫನು 1735ರಲ್ಲಿ ಬರೆದಿಟ್ಟಿದ್ದನು. ಮೂಗಿನಿಂದ ರಕ್ತ ಸುರಿದು ಮೈಮೇಲೆ ನೇರಳೆ ಕಲೆಗಳೆದ್ದ ತರುಣಿಯೊಬ್ಬಳನ್ನು ಪರೀಕ್ಷಿಸಿದ ಆತನಿಗೆ ಕಣ್ಣೇ ಸಾಧನ. ಕಾರಣವರಿಯದಿದ್ದರೂ ವ್ಯಾಧಿಯ ರೂಪವನ್ನು ಎಷ್ಟು ನಿಚ್ಚಳವಾಗಿ ಚಿತ್ರಿಸಿದನೆಂದರೆ ಆ ರೋಗಕ್ಕೆ ಬಹುಕಾಲ ಅವನ ಹೆಸರೇ ಸಲ್ಲುತ್ತಿತ್ತು.

1882ರ ವೇಳೆಗೆ ಇಟಲಿಯ ಟ್ಯೂರಿನ್ನಿನಲ್ಲಿ ಜೂಲಿಯೋ ಬಿಟ್ಸೊಜೆರೋ, ಜೀವಂತ ಪ್ರಾಣಿಯ ಸೂಕ್ಷ್ಮ ರಕ್ತನಾಳಕ್ಕೆ ಗಾಯವಾದೊಡನೆ ಈ ಕಣಗಳೇ ಮೊದಲು ಬಂದು ಅಂಟಿಕೊಳ್ಳುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ಅವು ಅಸ್ಥಿಮಜ್ಜೆಯ ದೈತ್ಯಕೋಶಗಳಿಂದ ಉದುರುವ ತುಣುಕುಗಳೆಂದು 1906ರಲ್ಲಿ ಜೇಮ್ಸ್ ಹೋಮರ್ ರೈಟ್ ತಿಳಿಸಿದನು. 1910ರಲ್ಲಿ ಬಾಸ್ಟನ್ನಿನ ವಿಲಿಯಂ ಡ್ಯೂಕ್, ಕಿವಿಯ ಹಾಲೆಯನ್ನು ಚುಚ್ಚಿ, ಅರೆ ನಿಮಿಷಕ್ಕೊಮ್ಮೆ ಹೀರುಕಾಗದದಿಂದ ರಕ್ತವನ್ನೊತ್ತಿ, ಕಲೆಗಳು ಚಿಕ್ಕವಾಗುತ್ತ ನಿಲ್ಲುವವರೆಗಿನ ಕಾಲವನ್ನಳೆದು, ಕಣಗಳು ಕುಗ್ಗಿದಾಗ ಆ ಕಾಲ ಹಿಗ್ಗುವುದನ್ನೂ ಪರರಕ್ತ ಕೊಟ್ಟಾಗ ಮತ್ತೆ ಕುಗ್ಗುವುದನ್ನೂ ತೋರಿಸಿದನು.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಅಮೆರಿಕದ ಸೇಂಟ್ ಲೂಯಿಯಲ್ಲಿ 1950ರಲ್ಲಿ ನಡೆದ ಪ್ರಯೋಗ. ತರುಣ ವೈದ್ಯ ವಿಲಿಯಂ ಹ್ಯಾರಿಂಗ್‌ಟನ್, ವೆರ್ಲ್‌ಹಾಫನು ಚಿತ್ರಿಸಿದ ಈ ರೋಗದಿಂದ ಬಳಲುತ್ತಿದ್ದವರ ರಕ್ತವನ್ನು ತನ್ನ ದೇಹಕ್ಕೇ ಏರಿಸಿಕೊಂಡನು. ಕೆಲವೇ ಗಂಟೆಗಳಲ್ಲಿ ಅವನ ಪ್ಲೇಟ್‌ಲೆಟ್‌ಗಳು ಪಾತಾಳಕ್ಕಿಳಿದು, ಸೆಳವು ಬಂದು, ಚರ್ಮದ ಮೇಲೆ ಕೆಂಪು ಚುಕ್ಕೆಗಳೆದ್ದವು. ಕೆಲವು ದಿನಗಳಲ್ಲಿ ಚೇತರಿಸಿಕೊಂಡ ಆತನ ಸಾಹಸದಿಂದ, ಕಣಗಳನ್ನು ನಾಶಗೊಳಿಸುವ ಅಂಶವು ರೋಗಿಯ ರಕ್ತದಲ್ಲಿಯೇ ಇದೆಯೆಂಬುದು ಸಿದ್ಧವಾಯಿತು. ಅದು ದೇಹವು ತನ್ನ ಮೇಲೆಯೇ ಹೂಡುವ ಪ್ರತಿಕಾಯವೆಂಬುದು ಅನಂತರದ ಸಂಶೋಧನೆಗಳಿಂದ ಸ್ಪಷ್ಟವಾಯಿತು.

ಇಂದು ಯಂತ್ರವೇ ಕಣಗಳನ್ನೆಣಿಸುತ್ತದೆ. ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವುದು ಸಹಜ; 50,000ದ ಮೇಲೆ ತಾನಾಗಿ ರಕ್ತಸ್ರಾವವಾಗುವುದು ಅಪರೂಪ, 10,000ಕ್ಕಿಂತ ಕೆಳಗಿಳಿದರೆ ಅಪಾಯ ನಿಜವಾದುದು. ಆದರೂ ಕಣ್ಣಾರೆ ನೋಡುವ ಪರೀಕ್ಷೆಯನ್ನು ಅಂಕಿಗೆ ಬಲಿಗೊಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಪರೀಕ್ಷಾನಳಿಕೆಯ ರಾಸಾಯನಿಕದಿಂದ ಕಣಗಳು ಗುಂಪುಗೂಡಿ, ಇಲ್ಲದ ಕೊರತೆಯನ್ನು ಯಂತ್ರವು ಸಾರುವುದೂ ಉಂಟು. ಕಾಲಿನ ಮೀನಖಂಡದಲ್ಲಿ, ಪಾದದ ಗಂಟಿನ ಸುತ್ತ, ಸೂಜಿಮೊನೆಯಷ್ಟು ಚುಕ್ಕೆಗಳೆದ್ದಾಗ ಅವುಗಳ ಮೇಲೆ ಪಾರದರ್ಶಕ ಗಾಜಿನ ಲೋಟವನ್ನೊತ್ತಿ ನೋಡಬೇಕು: ಸಾಮಾನ್ಯ ದದ್ದು ಬಿಳಿಚಿಕೊಳ್ಳುತ್ತದೆ, ನಾಳದಿಂದ ಹೊರಬಿದ್ದ ರಕ್ತದ ಚುಕ್ಕೆ ಮಾಸುವುದಿಲ್ಲ. ಹಲ್ಲುಜ್ಜುವಾಗ ಒಸಡು ಸೋರುವುದು, ಪೆಟ್ಟಿನ ನೆನಪಿಲ್ಲದೆ ನೀಲಿಗಟ್ಟುವುದು, ಮುಟ್ಟಿನ ಸ್ರಾವ ಎಂದಿಗಿಂತ ಹೆಚ್ಚುವುದು ಇದೇ ಸಾಲಿನವು. ಬಾಯೊಳಗೆ ರಕ್ತದ ಗುಳ್ಳೆಗಳೆದ್ದರೆ, ಕಪ್ಪು ಮಲವಾದರೆ, ತೀವ್ರ ತಲೆನೋವು ಬಂದರೆ ತಡಮಾಡುವಂತಿಲ್ಲ.

ನಮ್ಮಲ್ಲಿ ಈ ಸಂಖ್ಯೆ ಮನೆಮಾತಾದುದು ಡೆಂಗಿಯಿಂದ. ಅಲ್ಲಿ ಜ್ವರ ಬಿಡುವ ಹೊತ್ತೇ ಕಠಿಣವಾದುದು. ಮನೆಯವರು ನೆಮ್ಮದಿಗೊಳ್ಳುವ ಆ ಒಂದೆರಡು ದಿನಗಳಲ್ಲಿಯೇ ಪ್ಲೇಟ್‌ಲೆಟ್ ತೀರ ಇಳಿಯುತ್ತದೆ, ಅದಕ್ಕಿಂತ ಘೋರವಾಗಿ ರಕ್ತದ ದ್ರವಾಂಶ ನಾಳಗಳಿಂದ ಸೋರಿಹೋಗುತ್ತದೆ. ಆದುದರಿಂದ ಬಿಡದ ಹೊಟ್ಟೆನೋವು, ಮರಮರಳಿ ವಾಂತಿ, ಮಂಪರು, ಒಸಡಿನ ರಕ್ತ ಇವುಗಳಲ್ಲೊಂದು ತೋರಿದರೂ, ಕೌಂಟ್ ಎಷ್ಟೇ ಇರಲಿ, ರೋಗಿಯನ್ನು ಆಸ್ಪತ್ರೆಗೆ ಒಯ್ಯತಕ್ಕದ್ದು. ಅಲ್ಲಿಯವರೆಗೆ ಆಸ್ಪಿರಿನ್ ಆಗಲಿ ಐಬುಪ್ರೊಫೆನ್ ಆಗಲಿ ಕೊಡಕೂಡದು.