ಉಪವಾಸದ ಹಿಂದುಮುಂದಿನ ಊಟ

ಉಪವಾಸವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬರಿದಾದ ಬಾಳೆಲೆ. ಆದರೆ ಧರ್ಮಸಭೆಯ ಚರಿತ್ರೆಯನ್ನು ಅವಲೋಕಿಸಿದಾಗ ಆ ಬರಿದಾದ ಎಲೆಯ ಹಿಂದೊಂದು ಮುಂದೊಂದು ತುಂಬಿದ ಎಲೆಗಳಿರುವುದು ಗೋಚರವಾಗುತ್ತದೆ. ವಿಭೂತಿ ಬುಧವಾರಕ್ಕೆ ಮುಂಚಿನ ಊಟ ಒಂದು, ಪಾಸ್ಖ ಹಬ್ಬದ ಊಟ ಮತ್ತೊಂದು. ನಮ್ಮ ನೆರೆಯ ಮಾಧ್ವ ಮನೆಗಳಲ್ಲಿ ದಶಮಿಯಂದು ಒಪ್ಪೊತ್ತು ಉಂಡು, ಏಕಾದಶಿಯಂದು ನಿರಾಹಾರವಿದ್ದು, ದ್ವಾದಶಿಯ ಬೆಳಗ್ಗೆ ಪಾರಣೆ ಮಾಡುವ ಕ್ರಮವಿದೆ. ಮುಸಲ್ಮಾನ ಬಾಂಧವರು ರಂಜಾನ್ ಮಾಸದ ಪ್ರತಿದಿನವೂ ಸಹರಿ ಉಂಡು ಉಪವಾಸ ಹಿಡಿದು, ಇಫ್ತಾರಿನಿಂದ ಬಿಡುತ್ತಾರೆ. ನಮ್ಮಲ್ಲಿಯಾದರೋ ಹಿಂದಿನ ದಿನ ಕಡಿಮೆ ಉಣ್ಣುವ ಬದಲು ಹೆಚ್ಚು ಉಣ್ಣುವ ವಾಡಿಕೆ ಬೆಳೆಯಿತು. ಇದು ಹೇಗಾಯಿತು, ಇದು ಉಪವಾಸಕ್ಕೆ ಪೂರಕವೋ ಮಾರಕವೋ ಎಂಬುದನ್ನು ಇಲ್ಲಿ ವಿಚಾರಿಸೋಣ.

ಆದಿ ಕ್ರೈಸ್ತರಲ್ಲಿ ನಲವತ್ತು ದಿನಗಳ ತಪಸ್ಸುಕಾಲವಿರಲಿಲ್ಲ. ಸುಮಾರು 190ರಲ್ಲಿ ಲಿಯೋನ್ ನಗರದ ಧರ್ಮಾಧ್ಯಕ್ಷ ಸಂತ ಇರೇನಿಯಸರು ಪೋಪ್ ವಿಕ್ಟರ್ ಅವರಿಗೆ ಬರೆದ ಪತ್ರವೊಂದನ್ನು ಇತಿಹಾಸಕಾರ ಯೂಸೇಬಿಯಸ್ ಉಳಿಸಿಕೊಟ್ಟಿದ್ದಾನೆ. ಪಾಸ್ಖಕ್ಕೆ ಮುನ್ನ ಕೆಲವರು ಒಂದು ದಿನ, ಕೆಲವರು ಎರಡು ದಿನ, ಮತ್ತೆ ಕೆಲವರು ಇನ್ನೂ ಹೆಚ್ಚು ಕಾಲ ಉಪವಾಸ ಮಾಡುತ್ತಿದ್ದರೆಂದು ಅದರಿಂದ ತಿಳಿಯುತ್ತದೆ. 325ರ ನಿಸೇಯ ಮಹಾಸಭೆಯ 5ನೆಯ ನಿಯಮದಲ್ಲಿ ನಲವತ್ತು ದಿನಗಳ ಉಲ್ಲೇಖವಿದೆ. ಮುಂದೆ ಈ ಕಾಲದ ನಿಯಮಗಳು ಕಟ್ಟುನಿಟ್ಟಾದವು. ದಿನಕ್ಕೆ ಒಂದೇ ಊಟ, ಅದೂ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ. ಮಾಂಸ ಮಾತ್ರವಲ್ಲ, ಬಹುಪಾಲು ಪ್ರಾಂತಗಳಲ್ಲಿ ಹಾಲು, ಬೆಣ್ಣೆ, ಗಿಣ್ಣು, ಮೊಟ್ಟೆಗಳೂ ವರ್ಜ್ಯವಾಗಿದ್ದವು.

ಹಿಂದಿನ ದಿನದ ಊಟ ಹುಟ್ಟಿದ್ದು ಈ ನಿಯಮದಿಂದಲೇ. ನಾಳೆಯಿಂದ ಆರು ವಾರಗಳಿಗೂ ಹೆಚ್ಚು ಕಾಲ ಬೆಣ್ಣೆ ಮೊಟ್ಟೆಗಳನ್ನು ಮುಟ್ಟುವಂತಿಲ್ಲವೆಂದಾದರೆ ಮನೆಯಲ್ಲಿರುವುದನ್ನು ಕೆಡಲು ಬಿಡುವುದೆಂತು? ಅವನ್ನೆಲ್ಲ ಹಿಟ್ಟಿನೊಡನೆ ಕಲಸಿ ಹೆಂಚಿನ ಮೇಲೆ ಹುಯ್ದು ಮುಗಿಸುವುದು ಗೃಹಿಣಿಯರ ಉಪಾಯವಾಯಿತು. ಇಂಗ್ಲೆಂಡಿನ ಮಂಗಳವಾರದ ಪ್ಯಾನ್‌ಕೇಕ್, ರಷ್ಯಾದಲ್ಲಿ ಗಿಣ್ಣು ಬೆಣ್ಣೆಗಳ ವಾರದಲ್ಲಿ ಮಾಡುವ ಬ್ಲಿನಿ ಎಂಬ ದೋಸೆ, ಇವೆಲ್ಲ ಹೀಗೆ ಬಂದವು. ಫ್ರೆಂಚರು ಆ ದಿನವನ್ನು 'ಕೊಬ್ಬಿನ ಮಂಗಳವಾರ' ಎಂದರು. 'ಕಾರ್ನಿವಲ್' ಎಂಬ ಪದವೂ ಮಾಂಸವನ್ನು ತೆಗೆದಿಡುವುದು ಎಂಬರ್ಥದ ಹಳೆಯ ಮಾತಿನಿಂದ ಬಂದುದು. ಇಂಗ್ಲಿಷಿನಲ್ಲಿ ಅದೇ ದಿನಕ್ಕಿರುವ 'ಶ್ರೋವ್ ಟ್ಯೂಸ್‌ಡೇ' ಎಂಬ ಹೆಸರು ಮಾತ್ರ ಬೇರೊಂದು ಕಥೆಯನ್ನು ಹೇಳುತ್ತದೆ. ಪಾಪನಿವೇದನೆ ಮಾಡಿ ಕ್ಷಮೆ ಪಡೆಯುವುದು ಅದರ ಮೂಲಾರ್ಥ. ಅಂದರೆ ಅಡುಗೆಮನೆಯ ಉಗ್ರಾಣವೂ ಅಂತರಂಗದ ಉಗ್ರಾಣವೂ ಒಂದೇ ದಿನ ಬರಿದಾಗುತ್ತಿದ್ದವು.

ಪೂರ್ವದ ಧರ್ಮಸಭೆಗಳು ಇದಕ್ಕೊಂದು ಅಚ್ಚುಕಟ್ಟಾದ ಕ್ರಮವನ್ನಿಟ್ಟುಕೊಂಡವು. ಗ್ರೀಕ್ ಸಂಪ್ರದಾಯದಲ್ಲಿ ಮೊದಲು ಒಂದು ಭಾನುವಾರ ಮಾಂಸಕ್ಕೆ ವಿದಾಯ, ಅದರ ಮರು ಭಾನುವಾರ ಹಾಲು ಗಿಣ್ಣುಗಳಿಗೆ ವಿದಾಯ. ಕೇರಳದ ಸಿರಿಯನ್ ಕ್ರೈಸ್ತರು ಐವತ್ತು ದಿನಗಳ ನೋಂಬು ಹಿಡಿಯುವ ಮುನ್ನಾದಿನವಾದ ಭಾನುವಾರವನ್ನು 'ಪೇತ್ರತಾ' ಎನ್ನುತ್ತಾರೆ. ಅಂದು ಬಂಧುಬಳಗ ಕೂಡಿ ಮಾಂಸದೂಟ ಮಾಡಿ, ಸೋಮವಾರದಿಂದ ವ್ರತಸ್ಥರಾಗುತ್ತಾರೆ. ಗೋವೆಯಲ್ಲಿ ಪೋರ್ಚುಗೀಸರ ಮೂಲಕ ಬಂದ ಈ ಹಬ್ಬಕ್ಕೆ ಕೊಂಕಣಿಯಲ್ಲಿ 'ಇಂತ್ರುಜ್' ಎಂದು ಹೆಸರು. ಪ್ರವೇಶ ಎಂಬುದು ಅದರ ಮೂಲಾರ್ಥ. ತಪಸ್ಸುಕಾಲದಲ್ಲಿ ಮದುವೆಗಳನ್ನಿಡದ ವಾಡಿಕೆ ನಮ್ಮಲ್ಲಿರುವುದರಿಂದ ಅದಕ್ಕೆ ಮುಂಚಿನ ದಿನಗಳಲ್ಲಿ ಮದುವೆಯ ಔತಣಗಳು ಒತ್ತೊತ್ತಾಗಿ ಬರುವುದನ್ನೂ ನಾವು ಕಾಣುತ್ತೇವೆ.

ಬಾಗಿಲಲ್ಲಿ ನಿಂತವನು ಅಲ್ಲಿಯೇ ಕುಳಿತುಬಿಡುವ ಅಪಾಯ ಮೊದಲಿನಿಂದಲೂ ಇತ್ತು. ಉಪವಾಸ ಬರುತ್ತಿದೆಯೆಂದು ಇಂದು ಕುಡಿತದಲ್ಲಿ ಮುಳುಗಬೇಡಿರೆಂದು ನಾಲ್ಕನೆಯ ಶತಮಾನದಲ್ಲಿಯೇ ಸಂತ ಬೆಸಿಲರು ತಮ್ಮ ಪ್ರಬೋಧನೆಯಲ್ಲಿ ಎಚ್ಚರಿಸಿದ್ದರು. ಹದಿನಾರನೆಯ ಶತಮಾನದಲ್ಲಿ ಇಟಲಿಯ ನಗರಗಳಲ್ಲಿ ಕಾರ್ನಿವಲ್ ಸ್ವೇಚ್ಛಾಚಾರಕ್ಕೆ ಇಳಿದಾಗ, ಆ ದಿನಗಳಲ್ಲಿಯೇ ಪರಮ ಪ್ರಸಾದದ ನಲವತ್ತು ಗಂಟೆಗಳ ಆರಾಧನೆಯನ್ನು ಏರ್ಪಡಿಸಿ ಜನರನ್ನು ದೇವಾಲಯದತ್ತ ಸೆಳೆಯಲಾಯಿತು.

ಇನ್ನು ಉಪವಾಸದ ನಂತರದ ಊಟ. ಮನುಷ್ಯ ಮೊಟ್ಟೆ ತಿನ್ನುವುದನ್ನು ಬಿಟ್ಟರೂ ಕೋಳಿ ಇಡುವುದನ್ನು ಬಿಡುವುದಿಲ್ಲವಷ್ಟೆ! ನಲವತ್ತು ದಿನ ಕೂಡಿಬಿದ್ದ ಮೊಟ್ಟೆಗಳು ಪಾಸ್ಖದ ದಿನ ಬಣ್ಣ ತಳೆದು ಹಬ್ಬದ ಗುರುತಾದವು. 1614ರಲ್ಲಿ ಪ್ರಕಟವಾದ ರೋಮನ್ ಸಂಸ್ಕಾರ ವಿಧಿಗ್ರಂಥದಲ್ಲಿ ಪಾಸ್ಖದ ಕುರಿಮರಿ, ಮೊಟ್ಟೆ, ರೊಟ್ಟಿಗಳನ್ನು ಆಶೀರ್ವದಿಸುವ ಪ್ರಾರ್ಥನೆಗಳಿವೆ. ಪೋಲೆಂಡಿನಲ್ಲಿ ಇಂದಿಗೂ ಪವಿತ್ರ ಶನಿವಾರ ಜನರು ಬುಟ್ಟಿಗಳಲ್ಲಿ ರೊಟ್ಟಿ, ಮೊಟ್ಟೆ, ಉಪ್ಪು, ಮಾಂಸಗಳನ್ನು ದೇವಾಲಯಕ್ಕೆ ತಂದು ಆಶೀರ್ವಾದ ಪಡೆಯುತ್ತಾರೆ. ಗ್ರೀಸ್ ದೇಶದಲ್ಲಿ ಮಧ್ಯರಾತ್ರಿಯ ಪೂಜೆ ಮುಗಿಸಿ ಬಂದವರು ಕುರಿಮರಿಯ ಕರುಳು ಈಲಿಗಳನ್ನು ಬೇಯಿಸಿದ 'ಮಾಗಿರಿತ್ಸ' ಎಂಬ ಸಾರನ್ನು ಕುಡಿದು ಉಪವಾಸ ಬಿಡುತ್ತಾರೆ. ಕುರಿಮರಿಯ ಮಾಂಸ ಮರುದಿನದ ಊಟಕ್ಕೆ. ಒಳಗಿನ ಭಾಗ ಆ ರಾತ್ರಿಯ ಸಾರಿಗೆ. ಹೀಗೆ ಯಾವುದೂ ವ್ಯರ್ಥವಾಗದು. ಪೂರ್ವದ ಸಭೆಗಳಲ್ಲಿ ಅದೇ ರಾತ್ರಿ ಸಂತ ಯೊವಾನ್ನ ಕ್ರಿಸೊಸ್ತೋಮರ ಹೆಸರಿನಲ್ಲಿರುವ ಪ್ರಬೋಧನೆಯನ್ನು ಓದುವ ಪದ್ಧತಿಯಿದೆ. ಉಪವಾಸ ಮಾಡಿದವರೂ ಮಾಡದವರೂ ಬನ್ನಿರೆಂದು ಅದು ಎಲ್ಲರನ್ನೂ ಹಬ್ಬಕ್ಕೆ ಕರೆಯುತ್ತದೆ.

ಆದ್ದರಿಂದ ಈ ಎರಡು ಊಟಗಳೂ ಉಪವಾಸದ ಶತ್ರುಗಳಲ್ಲ. ಚರಿತ್ರೆಯನ್ನು ಓದಿದಾಗ ನಮ್ಮನ್ನು ಕಾಡುವುದು ಬೇರೊಂದು ಎಲೆ, ಅಂದರೆ ಬಡವನ ಎಲೆ. ಎರಡನೆಯ ಶತಮಾನದಲ್ಲಿ ರೋಮಾಪುರಿಯಲ್ಲಿ ರಚಿತವಾದ ಹೆರ್ಮಾಸನ 'ಕುರಿಗಾಹಿ' ಎಂಬ ಗ್ರಂಥದಲ್ಲಿ ಸ್ಪಷ್ಟವಾದ ಲೆಕ್ಕವಿದೆ. ಉಪವಾಸದ ದಿನ ರೊಟ್ಟಿ ಮತ್ತು ನೀರನ್ನಷ್ಟೇ ಸೇವಿಸಿ, ಅಂದು ಉಣ್ಣಬಹುದಾಗಿದ್ದ ಊಟದ ಬೆಲೆಯನ್ನು ಎಣಿಸಿ, ಅದನ್ನು ವಿಧವೆಗೋ ಅನಾಥನಿಗೋ ಗತಿಯಿಲ್ಲದವನಿಗೋ ಕೊಡಬೇಕು. 440ರಿಂದ 461ರವರೆಗೆ ಪೋಪರಾಗಿದ್ದ ಮಹಾ ಸಂತ ಲಿಯೋ ಅವರ ತಪಸ್ಸುಕಾಲದ ಪ್ರಬೋಧನೆಗಳಲ್ಲಿ ದಾನವಿಲ್ಲದ ಉಪವಾಸಕ್ಕೆ ಬೆಲೆಯಿಲ್ಲ. ಪ್ರವಾದಿ ಯೆಶಾಯನು ತನ್ನ 58ನೆಯ ಅಧ್ಯಾಯದಲ್ಲಿ ಅದಕ್ಕೂ ಬಹಳ ಹಿಂದೆಯೇ ಸಾರಿದ್ದು ಇದನ್ನೇ.

ಈ ಮೂರನೆಯ ಎಲೆಯನ್ನು ಮರೆತಾಗಲೆಲ್ಲ ಉಪವಾಸ ಲೆಕ್ಕಾಚಾರವಾಗಿ ಕೆಟ್ಟಿತು. ಕಡಲ ಬಾತುಕೋಳಿ ಮಾಂಸದಿಂದ ಹುಟ್ಟಿದ್ದಲ್ಲವೆಂಬ ನೆಪದಿಂದ ಐರ್ಲೆಂಡಿನ ಕೆಲವು ಗುರುಗಳು ಉಪವಾಸದಲ್ಲಿ ಅದನ್ನು ತಿನ್ನುತ್ತಿದ್ದರೆಂದು ಹನ್ನೆರಡನೆಯ ಶತಮಾನದಲ್ಲಿ ವೇಲ್ಸಿನ ಜೆರಾಲ್ಡ್ ಬರೆದಿದ್ದಾನೆ. ಫ್ರಾನ್ಸಿನ ರೂಆನ್ ಪ್ರಧಾನಾಲಯದಲ್ಲಿ ಹದಿನೈದನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಗೋಪುರವೊಂದಕ್ಕೆ 'ಬೆಣ್ಣೆಯ ಗೋಪುರ' ಎಂದೇ ಹೆಸರು. ತಪಸ್ಸುಕಾಲದಲ್ಲಿ ಬೆಣ್ಣೆ ತಿನ್ನಲು ಅನುಮತಿ ಪಡೆದವರ ಕಾಣಿಕೆಯಿಂದ ಅದು ಎದ್ದಿತೆಂಬುದು ಪ್ರತೀತಿ. ಬೆಣ್ಣೆ ಕೊಳ್ಳಲಾಗದವನಿಗೆ ಈ ವ್ಯವಹಾರದಲ್ಲಿ ಪಾಲೆಲ್ಲಿ? ಇಂತಹ ಅನುಮತಿಗಳ ಮಾರಾಟವನ್ನು ಮಾರ್ಟಿನ್ ಲೂಥರ್ 1520ರಲ್ಲಿ ಕಟುವಾಗಿ ಟೀಕಿಸಿದನು.

ನಿಯಮಗಳು ಕಾಲಕ್ರಮದಲ್ಲಿ ಸಡಿಲವಾದವು. 1917ರ ಕಾನೂನು ಸಂಹಿತೆಯಲ್ಲಿ ಭಾನುವಾರಗಳನ್ನುಳಿದು ತಪಸ್ಸುಕಾಲದ ಎಲ್ಲ ದಿನಗಳಲ್ಲಿಯೂ ಒಂದೇ ಪೂರ್ಣ ಊಟವೆಂಬ ವಿಧಿಯಿತ್ತು. 1966ರ ಫೆಬ್ರವರಿ 17ರಂದು ಪೋಪ್ ಆರನೆಯ ಪೌಲರು ಕಡ್ಡಾಯದ ಉಪವಾಸವನ್ನು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಗಳಿಗೆ ಸೀಮಿತಗೊಳಿಸಿದರು. 1983ರ ಸಂಹಿತೆಯೂ ಇದನ್ನೇ ಮುಂದುವರಿಸಿ, ಹದಿನೆಂಟು ತುಂಬಿದವರಿಂದ ಐವತ್ತೊಂಬತ್ತು ತುಂಬುವವರೆಗೆ ಉಪವಾಸವನ್ನೂ, ಹದಿನಾಲ್ಕು ತುಂಬಿದವರಿಗೆ ಮಾಂಸವರ್ಜನೆಯನ್ನೂ ವಿಧಿಸಿದೆ. ಪ್ರಾರ್ಥನೆ, ದಾನಧರ್ಮಗಳಿಗೆ ಹೆಚ್ಚು ಅವಕಾಶವಾಗಲೆಂಬುದು ಈ ಸಡಿಲಿಕೆಯ ಆಶಯ. ಆಚರಣೆಯಲ್ಲಿ ಆದುದೇನು? ನಲವತ್ತು ದಿನಗಳು ಎರಡಾದವು. ಆದರೆ ಹಿಂದಿನ ಔತಣ ಹಾಗೆಯೇ ಉಳಿಯಿತು, ಮುಂದಿನ ಔತಣ ಇನ್ನಷ್ಟು ಬೆಳೆಯಿತು. ಹಬ್ಬಕ್ಕೊಮ್ಮೆ ಮಾತ್ರ ಮಾಂಸ ಕಾಣುವ ಮನೆಗೆ ಮಾಂಸವರ್ಜನೆಯ ಉಪದೇಶ ಮಾಡುವುದು ಸುಲಭ. ದಿನನಿತ್ಯ ಕಾಣುವ ಮನೆಗೆ ಅದರ ಬೆಲೆಯನ್ನು ಎಣಿಸಲು ಹೇಳುವುದು ಗುರುಗಳಾದ ನಮಗೂ ಕಷ್ಟವೇ.

1962ರಲ್ಲಿ ಸ್ಥಾಪಿತವಾದ ಕಾರಿತಾಸ್ ಇಂಡಿಯಾ ಸಂಸ್ಥೆ ತಪಸ್ಸುಕಾಲದಲ್ಲಿ ಹಸಿವು ಮತ್ತು ರೋಗಗಳ ವಿರುದ್ಧದ ಅಭಿಯಾನವನ್ನು ನಡೆಸುತ್ತದೆ. ಹೆರ್ಮಾಸನ ಲೆಕ್ಕದ ಪುಸ್ತಕ ಇಂದು ತೆರೆದುಕೊಳ್ಳುವ ಒಂದು ಜಾಗವಿದು. ಆದರೆ ಕಾಣಿಕೆ ಪೆಟ್ಟಿಗೆಗೆ ಕೈಗೆ ಸಿಕ್ಕ ನಾಣ್ಯವನ್ನು ಹಾಕುವುದು ಬೇರೆ, ಬಿಟ್ಟ ಊಟದ ಬೆಲೆಯನ್ನು ಎಣಿಸಿ ಹಾಕುವುದು ಬೇರೆ. ಎರಡನೆಯದನ್ನು ಮಾಡಲು ನಿಜವಾಗಿಯೂ ಒಂದು ಊಟವನ್ನು ಬಿಟ್ಟಿರಬೇಕಾಗುತ್ತದೆ.

ನೂರು ವರ್ಷಗಳ ಸಂಭ್ರಮದಲ್ಲಿ ಔತಣಗಳು ನಡೆಯುತ್ತಿರುವ ಈ ಸಮಯದಲ್ಲಿ ಉಪವಾಸದ ಮಾತೇಕೆಂದು ಯಾರೂ ಭಾವಿಸಬಾರದು. ಊಟದ ಸಂತೋಷವನ್ನು ಧರ್ಮಸಭೆ ಎಂದೂ ಅಲ್ಲಗಳೆದಿಲ್ಲ. ಮುಂಬರುವ ತಪಸ್ಸುಕಾಲಕ್ಕೆ ಮುನ್ನ ಪ್ರತಿಯೊಂದು ಮನೆಯವರೂ ಕುಳಿತು, ಯಾವ ದಿನಗಳ ಊಟವನ್ನು ಬಿಡುವುದು, ಅದರ ಹಣ ಯಾರಿಗೆ ಸೇರಬೇಕೆಂಬುದನ್ನು ನಿಶ್ಚಯಿಸಿಕೊಳ್ಳಲಿ. ಪಾಸ್ಖದ ದಿನ ಎಲೆ ಹಾಕುವಾಗ ಮನೆಮಂದಿಗಿಂತ ಒಂದು ಎಲೆ ಹೆಚ್ಚು ಇರಲಿ, ಅದಕ್ಕೆ ಕರೆಯಬೇಕಾದವರನ್ನು ಮೊದಲೇ ಕರೆದಿರಲಿ ಎಂದು ನಾವು ಪ್ರಾರ್ಥಿಸುತ್ತೇವೆ.