ಝಿವೋತ್: ಬದುಕಿನಿಂದ ಹೊಟ್ಟೆಗೆ

ಸಿರಿಲಿಕ್ ಲಿಪಿಯಲ್ಲಿ ಅವೇ ಐದು ಅಕ್ಷರಗಳಿಂದ ಬರೆಯುವ ‘ಝಿವೋತ್’ ಎಂಬ ಪದಕ್ಕೆ ಇಂದಿನ ರಷ್ಯನ್ ಭಾಷೆಯಲ್ಲಿ ಹೊಟ್ಟೆ ಎಂದೂ, ಬಲ್ಗೇರಿಯನ್, ಸರ್ಬಿಯನ್ ಮತ್ತು ಮೆಸಿಡೋನಿಯನ್ ಭಾಷೆಗಳಲ್ಲಿ ಬದುಕು ಎಂದೂ ಅರ್ಥ. ಸಂಸ್ಕೃತದ ‘ಜೀವ್’ ಧಾತುವಿನೊಡನೆ, ಆ ಮೂಲಕ ಕನ್ನಡದಲ್ಲಿ ನೆಲೆಸಿರುವ ‘ಜೀವಿತ’ದೊಡನೆ, ದೂರದ ನಂಟುಳ್ಳ ಈ ಪದದ ಮೂಲಾರ್ಥ ಬದುಕೇ, ಹಾದಿ ಬದಲಿಸಿದ್ದು ರಷ್ಯನ್.

9ನೆಯ ಶತಮಾನದಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಸೋದರರು ಗ್ರೀಕ್ ಧರ್ಮಗ್ರಂಥಗಳನ್ನು ಸ್ಲಾವ್ ಜನರ ಮಾತಿಗೆ ತಂದಾಗ ರೂಪುಗೊಂಡ, ಪ್ರಾಚೀನ ಚರ್ಚ್ ಸ್ಲಾವೋನಿಕ್ ಎಂದು ಕರೆಯಲಾಗುವ ಬರಹದ ಭಾಷೆಯಲ್ಲಿ ಈ ಪದ ಬದುಕನ್ನೇ ಸೂಚಿಸುತ್ತಿತ್ತು. (ಸಿರಿಲನ ಹೆಸರು ಹೊತ್ತ ಲಿಪಿ ಅವನು ರಚಿಸಿದ್ದಲ್ಲ, ಅವನದು ಗ್ಲಾಗೊಲಿಟಿಕ್ ಎಂಬ ಬೇರೆ ಲಿಪಿ, ಸಿರಿಲಿಕ್ ಅವನ ಮರಣದ ತರುವಾಯ ಬಲ್ಗೇರಿಯದಲ್ಲಿ ಹುಟ್ಟಿತು.) 988ರಲ್ಲಿ ಕೀವ್ ಕ್ರೈಸ್ತಧರ್ಮವನ್ನು ಸ್ವೀಕರಿಸಿದ ಮೇಲೆ ಪೂಜೆಯ ಭಾಷೆಯಾಗಿ ಚರ್ಚ್ ಸ್ಲಾವೋನಿಕ್ ಪೂರ್ವದ ಸ್ಲಾವರಲ್ಲಿ ಬೇರೂರಿತು. ಅಲ್ಲಿನ ಲೌಕಿಕ ಬಳಕೆಯಲ್ಲಾದರೋ ಪದ ಹಲವು ಕಡೆಗೆ ಚಾಚಿಕೊಂಡಿತು: ಬದುಕಿಗೆ ಆಧಾರವಾದ ಆಸ್ತಿಪಾಸ್ತಿ, ಕೆಲವು ಆಡುನುಡಿಗಳಲ್ಲಿ ದನಕರು, ಕೊನೆಗೆ ಜೀವ ನೆಲೆಸಿದೆಯೆಂದು ಭಾವಿಸಿದ ಒಡಲು. ಕನ್ನಡದ ‘ಬದುಕು’ ಸಹ ಆಸ್ತಿ ಎಂಬ ಅರ್ಥವನ್ನು ತಾಳಬಲ್ಲದಾದ್ದರಿಂದ ಈ ಚಲನೆ ಕನ್ನಡಿಗರಿಗೆ ವಿಚಿತ್ರವೆನಿಸದು. ‘ಝಿಜ್ನ್’ ಎಂಬ ಸೋದರ ಪದ ಬದುಕಿನ ಅರ್ಥವನ್ನು ವಹಿಸಿಕೊಂಡಂತೆ ‘ಝಿವೋತ್’ ಕ್ರಮೇಣ ಒಡಲಿಗೆ ಸೀಮಿತವಾಯಿತು; ಆದರೂ ರಷ್ಯದ ದೊರೆ ಮೊದಲನೆಯ ಪೀಟರನ 1716ರ ಸೇನಾ ನಿಬಂಧನೆಯಲ್ಲಿನ ಪ್ರತಿಜ್ಞೆ ಯೋಧನು ತನ್ನ ಪ್ರಾಣವನ್ನು ಲೆಕ್ಕಿಸಬಾರದೆಂದು ಹೇಳುವುದು ಇದೇ ಪದದಿಂದ, ಮತ್ತು ಸಾವಿನವರೆಗಿನ ಹೋರಾಟವನ್ನು ಹೇಳುವ ನುಡಿಗಟ್ಟೊಂದರಲ್ಲಿ ಹಳೆಯ ಅರ್ಥ ಈಗಲೂ ಉಳಿದಿದೆ.

ಅರ್ಥಗಳು ಹೀಗೆ ಬಹುಹಿಂದೆಯೇ ಕವಲೊಡೆದಿದ್ದರೂ ಕಾಗುಣಿತದ ಈಗಿನ ಸಾಮ್ಯ ಮಾತ್ರ ತೀರ ಈಚಿನದು ಎಂಬುದನ್ನು ಮರೆಯಲಾಗದು. ಪದಾಂತ್ಯದಲ್ಲಿ ಉಚ್ಚಾರವಿಲ್ಲದೆ ನಿಲ್ಲುತ್ತಿದ್ದ ‘ಯೆರ್’ ಎಂಬ ಅಕ್ಷರವನ್ನು ಸರ್ಬಿಯನ್ ಬರಹದಿಂದ 19ನೆಯ ಶತಮಾನದಲ್ಲಿ ಭಾಷಾ ಸುಧಾರಕ ವುಕ್ ಕರಾಜಿಚ್ ಕೈಬಿಟ್ಟನು. ರಷ್ಯದಲ್ಲಿ ಅದನ್ನು ತೆಗೆದದ್ದು ಕ್ರಾಂತಿಯ ನಂತರದ 1918ರ ಸುಧಾರಣೆ, ಬಲ್ಗೇರಿಯದಲ್ಲಿ 1945ರ ಸುಧಾರಣೆ, ಮತ್ತು ಅದೇ 1945ರಲ್ಲಿ ಆ ಅಕ್ಷರವಿಲ್ಲದ ಮೆಸಿಡೋನಿಯನ್ ವರ್ಣಮಾಲೆ ಅಧಿಕೃತವಾಯಿತು. ಬೇರೆ ಬೇರೆ ಕಡೆ ನಡೆದ ಈ ಬದಲಾವಣೆಗಳ ಫಲವಾಗಿ ನಾಲ್ಕೂ ಭಾಷೆಗಳು ಐದೇ ಅಕ್ಷರಗಳಿಗೆ ಬಂದು ನಿಂತವು. ರಷ್ಯನ್ನಿನಂತೆಯೇ ಹೊಟ್ಟೆ ಎಂಬ ಅರ್ಥವನ್ನು ಉಳಿಸಿಕೊಂಡ ನೆರೆಯ ಉಕ್ರೇನಿಯನ್ ಮತ್ತು ಬೆಲರೂಸಿಯನ್ ಭಾಷೆಗಳಾದರೋ ಸ್ವರಾಕ್ಷರಗಳ ವ್ಯತ್ಯಾಸದಿಂದ ಅದನ್ನು ಬೇರೆಯಾಗಿಯೇ ಬರೆಯುತ್ತವೆ.